ಓಡದೆ ನಿಂತ ಕಾರಿಗೂ ವಯಸ್ಸಾಗುತ್ತದೆ

ಎರಡು ಹಳೆಯ ಕಾರುಗಳು ಮಾರಾಟಕ್ಕಿವೆ ಎನ್ನಿ. ಎರಡೂ ಒಂದೇ ಮಾದರಿಯವು, 1986ರಲ್ಲಿ ತಯಾರಾದವು. ಮೊದಲನೆಯದು ಮೂರು ಲಕ್ಷ ಕಿಲೋಮೀಟರ್ ಓಡಿದೆ. ಬಣ್ಣ ಮಾಸಿದೆ, ಸೀಟು ಹರಿದಿದೆ. ಆದರೆ ಯಾವ ವರ್ಷ ಯಾವ ಭಾಗ ಬದಲಾಯಿಸಿದರು ಎಂಬುದಕ್ಕೆ ರಸೀದಿಗಳ ದೊಡ್ಡ ಕಟ್ಟೇ ಇದೆ. ಎರಡನೆಯದು ಓಡಿರುವುದು ಬರೀ ಅರವತ್ತು ಸಾವಿರ. ಹತ್ತು ವರ್ಷದಿಂದ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿದೆ. ಮೈಯೆಲ್ಲ ಫಳಫಳ. ರಸೀದಿ ಒಂದೂ ಇಲ್ಲ. ಬೆಲೆ ಎರಡಕ್ಕೂ ಒಂದೇ. ಯಾವುದನ್ನು ಕೊಳ್ಳಬೇಕು?

ಎರಡನೆಯದರ ಕಡೆ ಕೈ ತೋರಿಸುವವರೇ ಹೆಚ್ಚು. ಕಡಿಮೆ ಓಡಿದ್ದರೆ ಕಡಿಮೆ ಸವೆದಿರುತ್ತದೆ ಎಂಬುದು ಅವರ ಲೆಕ್ಕ. ಈ ಲೆಕ್ಕ ಲೋಹದ ಮಟ್ಟಿಗೆ ಸರಿ. ಆದರೆ ಕಾರು ಬರೀ ಲೋಹವಲ್ಲ.

ಅಮೆರಿಕ, ಜರ್ಮನಿ, ಬ್ರಿಟನ್‌ಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರನ್ನು ಕಡಿಮೆ ಬೆಲೆಗೆ ಕೊಂಡು, ವಾರವೆಲ್ಲ ಅದರಲ್ಲೇ ಕೆಲಸಕ್ಕೋ ಕಾಲೇಜಿಗೋ ಹೋಗಿ, ಶನಿವಾರ ಭಾನುವಾರ ಅದನ್ನೇ ಬಿಚ್ಚಿ ರಿಪೇರಿ ಮಾಡುವ ಹವ್ಯಾಸ ತರುಣರಲ್ಲಿ ಬಹಳ ಹಿಂದಿನಿಂದ ಇದೆ. ಬಸ್ಸು ಅಪರೂಪವಾದ ಅಮೆರಿಕದ ಊರುಗಳಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರೂ ಮೊದಲು ಹುಡುಕುವುದು ಹಳೆಯ ಕಾರನ್ನೇ. ಅವರಲ್ಲಿ ಯಂತ್ರದ ಹುಚ್ಚು ಇರುವವರ ಕಣ್ಣು ಎರಡು ಬಾಗಿಲಿನ, ತಗ್ಗು ಚಾವಣಿಯ ‘ಕೂಪೆ’ಯ ಮೇಲೆ ಬೀಳುವುದು ಸಹಜ. ರೈಲಿನ ಮೊದಲ ದರ್ಜೆಯಲ್ಲಿ ಇಬ್ಬರಿಗೆಂದೇ ಇರುವ ಸಣ್ಣ ಕೋಣೆಗೂ ಕೂಪೆ ಎನ್ನುತ್ತಾರಲ್ಲ, ಅದೇ ಪದ. ಫ್ರೆಂಚ್ ಭಾಷೆಯಲ್ಲಿ ‘ಕತ್ತರಿಸಿದ್ದು’ ಎಂದು ಅದರ ಅರ್ಥ.

ಒಂದು ಕಾರಿನ ಕಥೆ

ಉದಾಹರಣೆಗೆ ಜರ್ಮನಿಯ ಪೋರ್ಷೆ 944 ಎಂಬ ಕಾರನ್ನು ತೆಗೆದುಕೊಳ್ಳೋಣ. 1980ರ ದಶಕದ ಆರಂಭದಲ್ಲಿ ಬಂದು 1991ರವರೆಗೆ ತಯಾರಾದ ಇದು ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ಹೀಗಾಗಿ ಕಾರಿನ ಭಾರ ಮುಂದಿನ ಹಾಗೂ ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತದೆ. ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ. ಮೈಗೆ ಸತುವಿನ ಲೇಪನವಿರುವುದರಿಂದ ತುಕ್ಕು ಬೇಗ ಹಿಡಿಯದು. ಪೋರ್ಷೆ ಹೆಸರಿನ ಕಾರುಗಳಲ್ಲಿ ಇದು ಬಹುಕಾಲ ಅಗ್ಗದ ದರಕ್ಕೆ ಸಿಗುತ್ತಿತ್ತು. ಜಾಣ ಎಂಜಿನಿಯರುಗಳು ಕಟ್ಟಿದ ಈ ಕಾರು ಕೊಂಡ ಎಷ್ಟೋ ಮಂದಿಯ ಜೇಬನ್ನೂ ಖಾಲಿ ಮಾಡಿದೆ. ಎರಡಕ್ಕೂ ಕಾರಣ ಎಂಜಿನ್ನಿನಲ್ಲೇ ಇದೆ.

ಇದರ ಎಂಜಿನ್ 2,479 ಸಿ.ಸಿ., ಸಿಲಿಂಡರುಗಳು ನಾಲ್ಕೇ. ಅಂದರೆ ಒಂದೊಂದು ಸಿಲಿಂಡರಿನ ಗಾತ್ರ ಸುಮಾರು 620 ಸಿ.ಸಿ. ನಮ್ಮ ಮಾರುತಿ 800ರ ಇಡೀ ಎಂಜಿನ್ನೇ 796 ಸಿ.ಸಿ. ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡದೆಂದು ತಿಳಿದೀತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಇಳಿಯುತ್ತವೆ. ತಕ್ಕಡಿಯ ಎರಡು ತಟ್ಟೆಗಳಂತೆ ಒಂದರ ಕುಲುಕಾಟವನ್ನು ಇನ್ನೊಂದು ಪೂರ್ತಿ ನುಂಗಿಬಿಡಬೇಕಲ್ಲವೆ? ಇಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗುತ್ತ ನೆಟ್ಟಗಾಗುತ್ತ ಇರುವುದರಿಂದ ಪಿಸ್ಟನ್ ತನ್ನ ದಾರಿಯ ಮೇಲಿನ ಅರ್ಧದಲ್ಲಿ ಬೇಗ, ಕೆಳಗಿನ ಅರ್ಧದಲ್ಲಿ ನಿಧಾನವಾಗಿ ಚಲಿಸುತ್ತದೆ. ಹಾಗಾಗಿ ಸ್ವಲ್ಪ ಕುಲುಕಾಟ ಉಳಿದೇ ಉಳಿಯುತ್ತದೆ, ಅದೂ ಕ್ರ್ಯಾಂಕ್ ಒಂದು ಸುತ್ತು ಸುತ್ತುವಷ್ಟರಲ್ಲಿ ಎರಡು ಬಾರಿ. ಎಂಜಿನ್ ದೊಡ್ಡದಾದಷ್ಟೂ ಇದು ಹೆಚ್ಚು.

ಇದಕ್ಕೆ ಮದ್ದನ್ನು ಶತಮಾನದ ಹಿಂದೆಯೇ ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಕಂಡುಹಿಡಿದಿದ್ದ. ಒಂದು ಪಕ್ಕ ಭಾರವಾಗಿರುವ ಎರಡು ದಂಡಗಳನ್ನು ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಅವುಗಳ ಕುಲುಕಾಟ ಎಂಜಿನ್ನಿನ ಕುಲುಕಾಟವನ್ನು ಅಳಿಸಿಹಾಕುತ್ತದೆ. ಜಪಾನಿನ ಮಿತ್ಸುಬಿಷಿ ಇದನ್ನು ಸುಧಾರಿಸಿತು. ಪೋರ್ಷೆ ಅದರ ಪರವಾನಗಿ ಪಡೆದು 944ಕ್ಕೆ ಅಳವಡಿಸಿತು. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಈ ದಂಡಗಳು ಸೆಕೆಂಡಿಗೆ 200 ಸುತ್ತು ತಿರುಗುತ್ತವೆ! ಕಾರು ಮಾತ್ರ ರೇಷ್ಮೆಯಂತೆ ಓಡುತ್ತದೆ.

ಒರಳು ಒಂದು, ಒನಕೆ ಎರಡು

ಈ ದಂಡಗಳನ್ನು ತಿರುಗಿಸುವುದು ಹಲ್ಲುಗಳಿರುವ ಒಂದು ರಬ್ಬರ್ ಬೆಲ್ಟು. ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿಗೆ ಅಂಥದೇ ಇನ್ನೊಂದು. ಇದನ್ನು ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ಹಳ್ಳಿಯಲ್ಲಿ ಒಂದೇ ಒರಳಿಗೆ ಇಬ್ಬರು ಹೆಂಗಸರು ಎರಡು ಒನಕೆ ಹಾಕಿ ಭತ್ತ ಕುಟ್ಟುವುದನ್ನು ಹಿರಿಯರು ಕಂಡಿರುತ್ತಾರೆ. ಒಂದು ಒನಕೆ ಏಳುವಾಗ ಇನ್ನೊಂದು ಬೀಳಬೇಕು. ಲಯ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. 944ರ ಸಿಲಿಂಡರಿನಲ್ಲಿಯೂ ಹೀಗೆಯೇ. ಪಿಸ್ಟನ್ ಮೇಲೇರುವ ಜಾಗಕ್ಕೇ ವಾಲ್ವ್ ಇಳಿಯುತ್ತದೆ, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಆ ಹೊತ್ತನ್ನು ಕಾಯುವುದು ಬೆಲ್ಟು. ಎಂಜಿನ್ 3,000 ಸುತ್ತಿನಲ್ಲಿರುವಾಗ ಪ್ರತಿ ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಆಗ ಬೆಲ್ಟು ಹರಿದರೆ ಕ್ಯಾಮ್‌ಶಾಫ್ಟ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದುಕೊಂಡೇ ಉಳಿದ ವಾಲ್ವುಗಳಿಗೆ ಪಿಸ್ಟನ್ ಗುದ್ದುತ್ತದೆ, ವಾಲ್ವುಗಳು ಡೊಂಕಾಗುತ್ತವೆ. ಒಂದು ಬೆಲ್ಟಿನ ಬೆಲೆಗೆ ಹೋಗಬಹುದಾಗಿದ್ದ ಕೆಲಸ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ಅದರ ಖರ್ಚು ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮೀರುತ್ತದೆ.

ಈ ಬೆಲ್ಟನ್ನು ಸುಮಾರು 70 ಸಾವಿರ ಕಿಲೋಮೀಟರಿಗೆ ಅಥವಾ ನಾಲ್ಕೈದು ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಾಯಿಸಬೇಕೆಂದು ಬಲ್ಲವರು ಹೇಳುತ್ತಾರೆ. ‘ಯಾವುದು ಮೊದಲೋ’ ಎಂಬ ಎರಡು ಪದಗಳಲ್ಲೇ ಗುಟ್ಟಿರುವುದು. ಓಡದ ಕಾರಿನ ಬೆಲ್ಟಿಗೆ ವರ್ಷದ ಲೆಕ್ಕ ಏಕೆ?

ರಬ್ಬರ್ ಎಂಬುದು ಉದ್ದುದ್ದ ಸರಪಳಿಯಂಥ ಅಣುಗಳ ಹೆಣಿಗೆ. ಗಾಳಿಯ ಆಕ್ಸಿಜನ್ ಮತ್ತು ಅತ್ಯಲ್ಪ ಪ್ರಮಾಣದ ಓಝೋನ್ ಈ ಸರಪಳಿಗಳ ಮೇಲೆ ಸದಾ ದಾಳಿ ಮಾಡುತ್ತಿರುತ್ತವೆ. ಎಲ್ಲೋ ಸರಪಳಿ ತುಂಡಾಗುತ್ತದೆ, ಇನ್ನೆಲ್ಲೋ ಬೇಡದ ಗಂಟು ಬೀಳುತ್ತದೆ. ಮೃದುವಾಗಿದ್ದದ್ದು ಗಡುಸಾಗುತ್ತದೆ, ಎಳೆದ ಕಡೆ ಬಿರುಕು ಬಿಡುತ್ತದೆ. ಬಿಸಿ ಏರಿದಷ್ಟೂ ಈ ಕ್ರಿಯೆ ಚುರುಕು. ಇಂಥ ಹಲವು ರಾಸಾಯನಿಕ ಕ್ರಿಯೆಗಳು 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಾಗ ಸುಮಾರು ಇಮ್ಮಡಿ ವೇಗ ಪಡೆಯುತ್ತವೆ ಎಂದು ಪಿ.ಯು.ಸಿ. ವಿದ್ಯಾರ್ಥಿಗಳು ಓದಿರುತ್ತಾರೆ. ಈ ದಾಳಿಗೆ ಕಾರು ಓಡಲೇಬೇಕೆಂದಿಲ್ಲ. ಲೋಹಕ್ಕೆ ಕಿಲೋಮೀಟರಿನ ಲೆಕ್ಕವಾದರೆ ರಬ್ಬರಿಗೆ ಕ್ಯಾಲೆಂಡರಿನ ಲೆಕ್ಕ.

944ರಲ್ಲಿ ರಬ್ಬರ್ ಎಲ್ಲೆಲ್ಲಿದೆ ನೋಡಿ. ಎಂಜಿನ್ನಿನ ಮುಂಭಾಗದ ಆಯಿಲ್ ಸೀಲುಗಳು ಗಡುಸಾದರೆ ಆಯಿಲ್ ಸೋರಿ ಟೈಮಿಂಗ್ ಬೆಲ್ಟಿನ ಮೇಲೆಯೇ ಬೀಳುತ್ತದೆ. ಪೆಟ್ರೋಲ್ ಹರಿಯುವ ಪೈಪು ಬಿರುಕು ಬಿಟ್ಟರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮಿ ಬೆಂಕಿಯೇ ಹತ್ತಬಹುದು. ಹಲವು ಕಾರುಗಳ ಕ್ಲಚ್ ತಟ್ಟೆಯ ನಡುವೆಯೂ ರಬ್ಬರಿದೆ. ಅದು ಕಿತ್ತುಹೋದರೆ ಹೊಸದನ್ನು ಹಾಕಲು ಸೈಲೆನ್ಸರ್ ಪೈಪು, ಹಿಂದಿನ ಗೇರ್‌ಬಾಕ್ಸ್, ನಡುವಿನ ಉದ್ದನೆಯ ಕೊಳವೆ ಎಲ್ಲವನ್ನೂ ಕಳಚಬೇಕು. ತಟ್ಟೆಯ ಬೆಲೆಗಿಂತ ಕೂಲಿಯೇ ಎಷ್ಟೋ ಪಾಲು ಹೆಚ್ಚು. ಭಾರವನ್ನು ಸಮವಾಗಿ ಹಂಚಿದ ಅದೇ ಜಾಣತನದ ಇನ್ನೊಂದು ಮುಖ ಇದು.

ರಬ್ಬರಿನ ಜೊತೆಗೆ ಬೇರೆಯವೂ ಇವೆ. ಪೆಟ್ರೋಲ್ ಪಂಪಿಗೆ ವಿದ್ಯುತ್ ಕೊಡುವ ರಿಲೇ ಒಂದರ ಬೆಸುಗೆಗಳು ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗಿ ಕೊನೆಗೆ ಕೂದಲೆಳೆಯ ಬಿರುಕು ಬಿಡುತ್ತವೆ. ಕಾರು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಬಲ್ಲ ಮಾಲೀಕರು ಇದೊಂದನ್ನು ಹೆಚ್ಚಿಗೆ ಕೊಂಡು ಕಾರಿನಲ್ಲೇ ಇಟ್ಟುಕೊಂಡಿರುತ್ತಾರೆ. ತಮಾಷೆಯೆಂದರೆ ಓಡಿದ ದೂರ ತೋರಿಸುವ ಮೀಟರಿನ ಪ್ಲಾಸ್ಟಿಕ್ ಗೇರ್ ಕೂಡ ಒಡೆಯುವುದುಂಟು. ಮೀಟರು ನಿಲ್ಲುತ್ತದೆ, ಕಾರು ಓಡುತ್ತಲೇ ಇರುತ್ತದೆ. ಹೊದಿಕೆಯೊಳಗಿನ ಕಾರಿನ ‘ಬರೀ ಅರವತ್ತು ಸಾವಿರ’ವನ್ನು ರಸೀದಿ ಇಲ್ಲದೆ ನಂಬುವುದು ಹೇಗೆ?

ಎರಡು ದೋಣಿಯಲ್ಲಿ ಕಾಲು

ಇಷ್ಟಾದರೂ ಇಂಥ ಕಾರನ್ನು ಕೊಳ್ಳಲೇಬಾರದೆಂದಲ್ಲ. ಕೈಗೆ ಎಣ್ಣೆ ಮಸಿ ಬಳಿದುಕೊಂಡು ಕಲಿತ ಭೌತಶಾಸ್ತ್ರ ಪರೀಕ್ಷೆ ಮುಗಿದರೂ ಮರೆಯುವುದಿಲ್ಲ. ಆದರೆ ಬಿಚ್ಚಿ ಕಲಿಯುವ ಕಾರು ವಾರಗಟ್ಟಲೆ ನಿಲ್ಲಬೇಕಾಗುತ್ತದೆ, ದಿನಬಳಕೆಯ ಕಾರು ಸೋಮವಾರ ಬೆಳಿಗ್ಗೆ ಹೊರಡಲೇಬೇಕು. ಒಂದೇ ಕಾರಿಗೆ ಎರಡೂ ಕೆಲಸ ಹಚ್ಚಿದರೆ ಭಾನುವಾರ ರಾತ್ರಿ ಅವಸರದಲ್ಲಿ ಬಿಗಿದ ಬೋಲ್ಟು ಸೋಮವಾರ ಹೆದ್ದಾರಿಯಲ್ಲಿ ಲೆಕ್ಕ ಕೇಳುತ್ತದೆ. ಆದ್ದರಿಂದ ಕಾಲೇಜಿಗೆ ಹೋಗಲು ಬಸ್ಸೋ ಸೈಕಲ್ಲೋ ಗೆಳೆಯರ ಕಾರೋ, ಇನ್ನೊಂದು ದಾರಿ ಇದ್ದವರು ಮಾತ್ರ ಈ ಹವ್ಯಾಸಕ್ಕೆ ಇಳಿಯುವುದು ಲೇಸು.

ಇಳಿಯುವವರು ಕೈಯಲ್ಲಿರುವ ಹಣವನ್ನೆಲ್ಲ ಕಾರಿನ ಬೆಲೆಗೇ ಸುರಿಯಬಾರದು. ದೊಡ್ಡ ಪಾಲನ್ನು ಮೊದಲ ವರ್ಷದ ರಿಪೇರಿಗೆ ಎತ್ತಿಡಬೇಕು. ಕೊಳ್ಳುವ ಮೊದಲು, ಮಾರುವವರಿಗೆ ಸಂಬಂಧವಿಲ್ಲದ, ಆ ಮಾದರಿಯನ್ನು ಬಲ್ಲ ಮೆಕ್ಯಾನಿಕ್ಕಿಗೆ ಹಣ ಕೊಟ್ಟು ತಪಾಸಣೆ ಮಾಡಿಸಬೇಕು. ಬೆಲ್ಟು ಬದಲಾಯಿಸಿದ್ದಕ್ಕೆ ದಿನಾಂಕವಿರುವ ರಸೀದಿ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿದು, ಎರಡೂ ಬೆಲ್ಟು ಮತ್ತು ಟೈಮಿಂಗ್ ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪನ್ನು ಮೊದಲು ಹೊಸದು ಮಾಡಿಸಬೇಕು. ಆಮೇಲೆ ಪೆಟ್ರೋಲ್ ಪೈಪು, ಬ್ರೇಕ್ ಆಯಿಲ್, ಟೈರು. ಬಣ್ಣ ಮತ್ತು ಸೀಟಿನ ಸರದಿ ಕೊನೆಗೆ. ಹೊಳಪಿಗೆ ಮರುಳಾದವರು ಈ ಪಟ್ಟಿಯನ್ನು ತಲೆಕೆಳಗು ಮಾಡುತ್ತಾರೆ, ಅಲ್ಲೇ ಮೋಸ ಹೋಗುತ್ತಾರೆ.

ಕಾನೂನನ್ನೂ ನೋಡಬೇಕು. ಕ್ಯಾಲಿಫೋರ್ನಿಯದಲ್ಲಿ 1976 ಮತ್ತು ನಂತರದ ಪೆಟ್ರೋಲ್ ಕಾರುಗಳು ಹೊಗೆ ಪರೀಕ್ಷೆ ಪಾಸಾಗಬೇಕು. ಬ್ರಿಟನ್ನಿನಲ್ಲಿ ಕಾರಿನ ನಂಬರು ಕೊಟ್ಟರೆ ಹಿಂದಿನ ತಪಾಸಣೆಗಳ ಫಲಿತಾಂಶವನ್ನು ಯಾರು ಬೇಕಾದರೂ ನೋಡಬಹುದು. ಜರ್ಮನಿಯಲ್ಲಿ 30 ವರ್ಷ ದಾಟಿ ಮೂಲರೂಪ ಕಾಯ್ದುಕೊಂಡ ಕಾರಿಗೆ ವಿಶೇಷ ನೋಂದಣಿ ಉಂಟು. ಓದು ಮುಗಿಸಿ ಬರುವಾಗ ಅದನ್ನು ಬೆಂಗಳೂರಿಗೆ ತರುವ ಕನಸು ಮಾತ್ರ ಬೇಡ. ಮೂರು ವರ್ಷಕ್ಕಿಂತ ಹಳೆಯ, ಎಡಗಡೆ ಸ್ಟಿಯರಿಂಗಿನ ಇಂಥ ಕಾರಿನ ಆಮದಿಗೆ ಭಾರತದ ನಿಯಮಗಳಲ್ಲಿ ಅವಕಾಶವಿಲ್ಲ.

ತಂದೆತಾಯಿಯರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಅಪಘಾತವಾದರೆ? 1987ರ 944 ಟರ್ಬೊ ಚಾಲಕನಿಗೂ ಪಕ್ಕದವರಿಗೂ ಏರ್‌ಬ್ಯಾಗ್ ಕೊಟ್ಟು ಅಮೆರಿಕದಲ್ಲಿ ಹೆಸರು ಮಾಡಿತು. ಆದರೆ ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗೇ ಇಲ್ಲ. ಜಾರುವ ಕಾರನ್ನು ತಾನೇ ಹಿಡಿದು ನಿಲ್ಲಿಸುವ, ಅಮೆರಿಕದಲ್ಲಿ 2012ರ ಮಾದರಿಗಳಿಂದ ಕಡ್ಡಾಯವಾದ ವ್ಯವಸ್ಥೆಯಂತೂ ಯಾವ 944ರಲ್ಲೂ ಇಲ್ಲ. ಮಳೆಯ ದಿನ ಸ್ಟಿಯರಿಂಗ್ ಹಿಡಿದವನ ವಿವೇಕವೇ ಕಾವಲು. ಹಣ ಕಳುಹಿಸುವ ಮುನ್ನ ಫೋನಿನಲ್ಲಿ ಬೆಲೆಯ ಜೊತೆಗೆ ಇದನ್ನೂ ಮಾತಾಡಿಕೊಳ್ಳುವುದು ಒಳ್ಳೆಯದು.

ನಮ್ಮ ಊರಿನಲ್ಲಿ ಹಳೆಯ ಸ್ಕೂಟರೋ ಕಾರೋ ಕೊಳ್ಳುವವರಿಗೂ ಈ ಪಾಠ ಸಲ್ಲುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಂಡಿಗಳು ಎಷ್ಟೇ ಆಳವಾಗಿರಲಿ, ಟೈರಿನ ವಯಸ್ಸು ಅಲ್ಲಿದೆ.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದೇ ಪೊಟ್ಟಣದ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ಚೂರು ಎಳೆದು ಹಲಗೆಗೆ ಸುತ್ತಿ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಇನ್ನೊಂದನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಒಂದೆರಡು ತಿಂಗಳ ನಂತರ ಎರಡನ್ನೂ ಎಳೆದು ನೋಡಿ. ಎರಡೂ ಒಂದು ಕಿಲೋಮೀಟರ್ ಕೂಡ ಓಡಿರುವುದಿಲ್ಲ. ಆದರೂ ಯಾವುದು ಮುದಿಯಾಗಿದೆ ಎಂದು ಬೆರಳಿಗೇ ತಿಳಿಯುತ್ತದೆ.