ಮನೆಯ ಬ್ರಾಯ್ಲರ್ ಮರಿ ಕಾಲು ಸೋಲೋದು ಯಾಕೆ?

ಹತ್ತಿಪ್ಪತ್ತು ಬ್ರಾಯ್ಲರ್ ಮರಿ ತಂದು ಹಿತ್ತಲಲ್ಲಿ ಸಾಕಿದವರಿಗೆ ಮೂರನೇ ವಾರದ ಹೊತ್ತಿಗೆ ಒಂದೇ ಚಿಂತೆ: ಮರಿ ಕುಂಟ್ತಿದೆ, ಏಳ್ತಾನೇ ಇಲ್ಲ. ರೋಗ ಅಂದುಕೊಂಡು ಟಾನಿಕ್‌ಗೆ ದುಡ್ಡು ಸುರೀತಾರೆ. ಆದರೆ ಬಹಳ ಸಲ ತಪ್ಪು ಇರೋದು ಮೇವಿನಲ್ಲಿ, ನೆಲದಲ್ಲಿ.

ಹುಟ್ಟಿದಾಗ ಸುಮಾರು 40 ಗ್ರಾಂ ಇರುವ ಈ ಮರಿ 40 ದಿನದಲ್ಲಿ 2 ಕೆ.ಜಿ. ತೂಗುತ್ತದೆ. ಮೈ ಬೆಳೆದಷ್ಟು ಬೇಗ ಮೂಳೆ ಗಟ್ಟಿಯಾಗಲ್ಲ. ನಾಟಿ ಕೋಳಿಗೆ ಹಾಕಿದಂತೆ ಬರೀ ನುಚ್ಚು ಹಾಕಿದರೆ ಕ್ಯಾಲ್ಸಿಯಂ, ರಂಜಕ, ವಿಟಮಿನ್ ಡಿ ಸಾಲದೆ ಮೂಳೆ ಬಾಗುತ್ತದೆ. ವಿಟಮಿನ್ ಬಿ2 ಕಡಿಮೆಯಾದರೆ ಬೆರಳು ಮುದುಡುತ್ತವೆ. ಜಾರುವ ಪೇಪರ್ ಮೇಲೆ ಬಿಟ್ಟರೆ ಕಾಲು ಅಗಲಕ್ಕೆ ಹೋಗುತ್ತದೆ. ಭತ್ತದ ಹೊಟ್ಟು ಹಾಸಿ, ಒಣಗಿರುವಂತೆ ನೋಡಿಕೊಳ್ಳಿ.

ಅಂಗಡಿಯವರೂ ಗಮನಿಸಬೇಕು. ಮೊಟ್ಟೆ ಕೋಳಿಯ ಲೇಯರ್ ಮೇವಲ್ಲಿ ಮರಿಗೆ ತಡೆಯಲಾಗದಷ್ಟು ಕ್ಯಾಲ್ಸಿಯಂ ಇರುತ್ತದೆ. ಅದನ್ನು ಕೊಡಬೇಡಿ. ಇಡೀ ಚೀಲ ಕೊಳ್ಳಲಾಗದವರಿಗೆ ಬ್ರಾಯ್ಲರ್ ಸ್ಟಾರ್ಟರ್ ಮೇವನ್ನೇ ಬಿಡಿಯಾಗಿ ತೂಗಿ ಕೊಡಿ.

ಒಟ್ಟಿಗೆ ಹಲವು ಮರಿ ಬಿದ್ದರೆ ಮಾತ್ರ ತಡ ಮಾಡದೆ ಪಶು ಆಸ್ಪತ್ರೆಗೆ ಹೋಗಿ. ಮೇವಿಗೆ ಇಷ್ಟು ಖರ್ಚು ಆಗಲ್ಲ ಅನ್ನುವವರಿಗೆ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜು ಬೆಳೆಸಿದ ಗಿರಿರಾಜ ತಳಿಯೇ ವಾಸಿ. ತೂಕ ನಿಧಾನ, ಆದರೆ ಹಿತ್ತಲಿಗೆ ಒಗ್ಗುತ್ತೆ.