ಆಪರೇಷನ್ ಮುಗೀತು, ತಾಳ ತಪ್ಪಿದ ಎದೆಯನ್ನ ನೋಡೋರು ಯಾರು?

ನಮ್ಮ ದೊಡ್ಡಪ್ಪನಿಗೆ ಬೈಪಾಸ್ ಆದ ಮೂರನೇ ದಿನ ಐಸಿಯು ಬಾಗಿಲಿಗೆ ಬಂದ ನರ್ಸ್, "ಹಾರ್ಟ್ ಬೀಟ್ ಸ್ವಲ್ಪ ಏರುಪೇರಾಗಿತ್ತು, ಈಗ ಸರಿಹೋಗಿದೆ" ಅಂದರು. ಅಷ್ಟೇ. ಹೆಚ್ಚು ಕೇಳುವ ಧೈರ್ಯ ನಮಗೂ ಇರಲಿಲ್ಲ. ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಅವರ ಎಡಗೈ ಸೋತು ಹಾಲಿನ ಚೊಂಬು ಜಾರಿತು. ಲಕ್ವ. ಆಗ ಹಳೇ ಫೈಲ್ ಬಿಚ್ಚಿದೆ. ಒಳಪುಟದಲ್ಲೆಲ್ಲೋ ಇಂಗ್ಲಿಷಿನಲ್ಲಿ ಅರ್ಧ ಸಾಲು ಇತ್ತು: ಆಪರೇಷನ್ ನಂತರ ಏಟ್ರಿಯಲ್ ಫಿಬ್ರಿಲೇಷನ್, ಔಷಧದಿಂದ ಸರಿಹೋಗಿದೆ.

ಅದೇ ಲಕ್ವಕ್ಕೆ ಕಾರಣ ಅಂತ ನಾನು ಹೇಳಲಾರೆ. ಅವರಿಗೆ ಬಿಪಿಯೂ ಇತ್ತು, ಬೀಡಿಯೂ ಇತ್ತು. ನನ್ನ ಸಿಟ್ಟು ಬೇರೆ. ಆ ಎರಡು ವರ್ಷದಲ್ಲಿ ಒಬ್ಬರೂ ಅವರ ನಾಡಿ ಹಿಡಿದು ನೋಡಿರಲಿಲ್ಲ.

ಇದು ಅಪರೂಪದ ಕಾಯಿಲೆ ಅಲ್ಲ. ನೂರು ಜನಕ್ಕೆ ಬೈಪಾಸ್ ಆದರೆ ಸುಮಾರು 30 ಜನಕ್ಕೆ ಹೀಗೆ ತಾಳ ತಪ್ಪುತ್ತದೆ, ವಾಲ್ವ್ ಆಪರೇಷನ್ ಆದವರಲ್ಲಿ ಇನ್ನೂ ಹೆಚ್ಚು. ಸಾಮಾನ್ಯವಾಗಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಮಿಡಿಯುವ ಬದಲು ಬರೀ ನಡುಗುತ್ತವೆ. ಅಲ್ಲಿ ರಕ್ತ ನಿಂತು ಗರಣೆ ಕಟ್ಟಬಹುದು, ಆ ಗರಣೆ ಮಿದುಳಿಗೆ ಹೋದರೆ ಲಕ್ವ. ಬಹುತೇಕರಿಗೆ ಕೆಲವೇ ವಾರದಲ್ಲಿ ತಾಳ ಸರಿಹೋಗುತ್ತದೆ, ಇದು ನಿಜ. ಅದಕ್ಕೇ ಎಷ್ಟೋ ವರ್ಷ ವೈದ್ಯರೇ ಇದನ್ನು ಬಂದು ಹೋಗುವ ನೆಗಡಿಯಂತೆ ನೋಡಿದರು.

ಲೆಕ್ಕ ಬೇರೆ ಹೇಳುತ್ತದೆ. 2019ರಲ್ಲಿ 35 ಅಧ್ಯಯನಗಳನ್ನು, 24 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಯನ್ನು ಒಟ್ಟಿಗೆ ಇಟ್ಟು ನೋಡಿದರು. ಆಪರೇಷನ್ ಆದಾಗ ತಾಳ ತಪ್ಪಿದ್ದವರಿಗೆ ಮುಂದಿನ ವರ್ಷಗಳಲ್ಲಿ ಲಕ್ವ ಹೊಡೆಯುವ ಅಪಾಯ, ಉಳಿದವರಿಗಿಂತ ಸುಮಾರು 37% ಹೆಚ್ಚು. ಸಾವಿನ ಅಪಾಯವೂ ಹೆಚ್ಚುಕಡಿಮೆ ಅಷ್ಟೇ. ಗಾಬರಿ ಬೇಡ, ನೂರರಲ್ಲಿ 37 ಜನಕ್ಕೆ ಲಕ್ವ ಅಂತಲ್ಲ. ಉಳಿದವರಲ್ಲಿ ನೂರಕ್ಕೆ ಮೂವರಿಗೆ ಬಂದರೆ ಇವರಲ್ಲಿ ನಾಲ್ವರಿಗೆ ಅನ್ನುವಂಥ ಲೆಕ್ಕ ಅದು. ಆದರೆ ಆ ನಾಲ್ಕನೆಯವರು ಯಾರದೋ ಮನೆಯ ದುಡಿಯುವ ಕೈ.

"ಹಳ್ಳಿಯವರಿಗೆ ಇದೆಲ್ಲ ಹೇಳಿ ಯಾಕೆ ಹೆದರಿಸೋದು?" ಅಂತ ಒಬ್ಬ ವೈದ್ಯರು ನನ್ನನ್ನೇ ಕೇಳಿದರು. ಸ್ವಾಮಿ, ಎದೆ ಸೀಳಿಸಿಕೊಳ್ಳಲು ಸಹಿ ಹಾಕಿದವರಿಗೆ ನಾಡಿಯ ವಿಷಯ ಕೇಳುವ ಧೈರ್ಯ ಇರೋದಿಲ್ಲವೇ? ರಕ್ತ ತೆಳು ಮಾಡುವ ಮಾತ್ರೆ ಯಾರಿಗೆ ಬೇಕು, ಎಷ್ಟು ತಿಂಗಳು ಬೇಕು ಅನ್ನುವುದರಲ್ಲಿ ತಜ್ಞರಲ್ಲೇ ಭಿನ್ನಾಭಿಪ್ರಾಯ ಇದೆ, ಯಾಕೆಂದರೆ ಅದರಿಂದ ರಕ್ತಸ್ರಾವದ ಅಪಾಯವೂ ಇದೆ. ಹಾಗಾದರೆ ಒಬ್ಬೊಬ್ಬರನ್ನೂ ಮತ್ತೆ ಮತ್ತೆ ಕರೆದು ನೋಡಬೇಕು ತಾನೇ? ಒಂದೇ ಚೀಟಿ ಬರೆದು ಬಸ್ ಹತ್ತಿಸಿದರೆ ಹೇಗೆ?

ದುಡ್ಡಿನ ವ್ಯವಸ್ಥೆಯೂ ಹಾಗೇ ಇದೆ. ಆಯುಷ್ಮಾನ್ ಕಾರ್ಡಿನಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಒಳ್ಳೆಯದೇ, ಅದಿಲ್ಲದಿದ್ದರೆ ದೊಡ್ಡಪ್ಪನ ಹೊಲ ಮಾರಬೇಕಿತ್ತು. ಆದರೆ ಡಿಸ್ಚಾರ್ಜ್ ಆದ ಮೇಲಿನ ಖರ್ಚಿಗೆ ಆಯುಷ್ಮಾನ್ ಭಾರತ್ ಇಟ್ಟಿರುವುದು 15 ದಿನ. ತಾಳ ತಪ್ಪಿದ ಎದೆಗೆ 15 ದಿನದ ಗಡುವು ಗೊತ್ತಿಲ್ಲ.

ಹೊಸ ಕಟ್ಟಡ ಕೇಳುತ್ತಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಅಂತ ಬಂದವರ ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ದಾರಿ ಈಗಾಗಲೇ ಇದೆ. ಅದೇ ದಾರಿಯಲ್ಲಿ, ಆಪರೇಷನ್ ಆದಾಗ ತಾಳ ತಪ್ಪಿದ್ದವರ ಇಸಿಜಿಯೂ ತಿಂಗಳಿಗೆ, ಮೂರು ತಿಂಗಳಿಗೆ, ಆಮೇಲೆ ವರ್ಷವರ್ಷ ಹೋಗಲಿ. ಡಿಸ್ಚಾರ್ಜ್ ಚೀಟಿಯ ಆ ಅರ್ಧ ಸಾಲು ಕನ್ನಡದಲ್ಲಿ, ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಬರಲಿ. ಇದಕ್ಕೆಷ್ಟು ಖರ್ಚಾದೀತು?

ನಮ್ಮ ತಪ್ಪೂ ಇದೆ. ರಕ್ತ ತೆಳು ಮಾಡುವ ಮಾತ್ರೆಯನ್ನು "ಉಷ್ಣ" ಅಂತ ಬಿಡುವವರು, ಅದರ ಜೊತೆಗೇ ಮಂಡಿನೋವಿಗೆ ಅಂಗಡಿ ಮಾತ್ರೆ ನುಂಗಿ ರಕ್ತಸ್ರಾವ ತಂದುಕೊಳ್ಳುವವರು ಪ್ರತಿ ಊರಲ್ಲೂ ಇದ್ದಾರೆ. ವಾಲ್ವ್ ಹಾಕಿಸಿಕೊಂಡವರಂತೂ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು, ಬದಲಿಸಲೂಬಾರದು.

ನಿಮ್ಮ ಮನೆಯಲ್ಲಿ ಹೃದಯದ ಆಪರೇಷನ್ ಆದವರಿದ್ದರೆ ಇವತ್ತೇ ಫೈಲ್ ತೆಗೆದು ಓದಿಸಿ. ಅವರ ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಲೆಕ್ಕವೇ ಸಿಗದ ಹಾಗೆ ಹಿಂದುಮುಂದಾಗಿ ಹೊಡೆಯುತ್ತಿದ್ದರೆ ಆಸ್ಪತ್ರೆಗೆ ಹೋಗಿ ಇಸಿಜಿ ಕೇಳಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ದೊಡ್ಡಪ್ಪನಿಗೆ ನಾವು ಎಣ್ಣೆ ತಿಕ್ಕಿ ಕೂತಿದ್ದು ಮಧ್ಯಾಹ್ನದವರೆಗೆ.