ತಂಗಡಿ ಹೂ

ಮಳೆಗಾಲ ಸರಿದು ದೀಪಾವಳಿ ಸಮೀಪಿಸಿದಾಗ ಬಯಲುಸೀಮೆಯ ದಾರಿಗಳ ಇಕ್ಕೆಲದಲ್ಲಿ ತಂಗಡಿ ಹಳದಿಯಾಗಿ ಅರಳಿ ನಿಲ್ಲುತ್ತದೆ. ಆವರಿಕೆಯೆಂಬುದೂ ಇದರ ಹೆಸರೇ. ನೀರೆರೆಯುವವರಿಲ್ಲ, ಬೇಲಿಯಿಲ್ಲ; ದನಗಳು ಸಾಮಾನ್ಯವಾಗಿ ಬಾಯಿ ಹಾಕವು. 2014ರಲ್ಲಿ ರಚನೆಗೊಂಡ ತೆಲಂಗಾಣವು ಇದನ್ನೇ ತನ್ನ ರಾಜ್ಯಪುಷ್ಪವಾಗಿಸಿಕೊಂಡಿದೆ.

ನಾವು ಮಠದಲ್ಲಿ ಓದುತ್ತಿದ್ದ ಕಾಲ. ವೃದ್ಧ ತಾಯಿಯೊಬ್ಬರು ಉಡಿಯ ತುಂಬ ಈ ಹೂ ತಂದು, “ಪೂಜಾಕ್ಕ ಇರಲ್ರಿ, ಸ್ವಾಮೇರ” ಎಂದರು. ತೊಗಲು ಹದಮಾಡುವ ಗಿಡದ ಹೂ ಲಿಂಗಕ್ಕೆ ಸಲ್ಲದೆಂದು ನಾವೇ ಹಿಂದಿರುಗಿಸಿದೆವು. ಗಿಡದ ಮಾತೇನೋ ನಿಜ. ತಂಗಡಿ ತೊಗಟೆಯ ಒಗರಿನಿಂದ ಹಸಿ ಚರ್ಮ ಕೊಳೆಯದೆ ಹದಗೊಳ್ಳುತ್ತದೆ. ಹಿಂದೆ ದಕ್ಷಿಣ ಭಾರತದ ಚರ್ಮೋದ್ಯಮ ಬಹುಮಟ್ಟಿಗೆ ಇದನ್ನೇ ನೆಚ್ಚಿತ್ತು. ಆದರೆ ಅಂದು ಸಂಜೆಯ ಪಾಠ ಡೋಹರ ಕಕ್ಕಯ್ಯನವರದು! ಚರ್ಮ ಹದಮಾಡುವ ಕಾಯಕದ ಆ ಶರಣರನ್ನು ಬಸವಣ್ಣನವರು ತಮ್ಮ ಮನೆಯ ಹಿರಿಯರೆಂದೇ ಎಣಿಸಿದರು. ಗುರುಗಳು ಅದನ್ನು ವಿವರಿಸುತ್ತಿದ್ದಷ್ಟು ಹೊತ್ತೂ ನಾವು ತಲೆಯೆತ್ತಲಿಲ್ಲ.

ಮರುದಿನ ಆ ತಾಯಿಯನ್ನು ಅರಸಿ ಹೋದೆವು. ಸಂತೆಗೆ ಬಂದಿದ್ದ ಪರಊರಿನವರಂತೆ, ಸಿಗಲಿಲ್ಲ.

ಅಂದಿನಿಂದ ಕಾರ್ತಿಕ ಸೋಮವಾರಗಳಲ್ಲಿ ನಮ್ಮ ಇಷ್ಟಲಿಂಗಕ್ಕೆ ತಂಗಡಿ ಹೂವೇ ಏರುತ್ತದೆ. ರಸ್ತೆ ಅಗಲಿಸುವವರು ಮೊದಲು ಕೀಳುವುದು ಈ ಗಿಡವನ್ನು. ಕಳೆದ ಕಾರ್ತಿಕದಲ್ಲಿ ಒಂದು ಹಿಡಿ ಹೂವಿಗಾಗಿ ನಾವು ಎರಡು ಮೈಲಿ ನಡೆಯಬೇಕಾಯಿತು.